ರೂಫ್ ಚಿಲ್ಲರ್‌ಗೆ ಬರೀ ಫ್ಲೋರ್ ಸ್ಪೆಕ್ಟ್ರಮ್ ಹಾಕಿ ಕೈ ತೊಳ್ಕೊಳ್ಳೋರಿಗೆ

ಸಾರ್, ರೂಫ್ ಮೇಲಿನ ಚಿಲ್ಲರಿಗೆ (ಎಸಿಗೆ ನೀರು ತಣ್ಣಗೆ ಮಾಡೋ ಮಷಿನ್) ನೀವು ಮಾಡಿದ ಭೂಕಂಪದ ಲೆಕ್ಕ ನೋಡಿದೆ. ಬಿಲ್ಡಿಂಗ್ 1000 ಟನ್, ಸ್ಕಿಡ್ (ಮಷಿನ್ ಮತ್ತೆ ಅದು ಕೂತಿರೋ ಸ್ಟೀಲ್ ಫ್ರೇಮ್) 6 ಟನ್, ಮಾಸ್ ರೇಷಿಯೋ 0.6% ತಾನೇ, 1% ಒಳಗಿದೆ ಅಂತ ಸ್ಕಿಡ್ಡನ್ನ ಬೇರೆ ಮಾಡೆಲ್ ಮಾಡಿ ಫ್ಲೋರ್ ಸ್ಪೆಕ್ಟ್ರಮ್ (ಸ್ಕಿಡ್ ಇಲ್ಲದ ಬಿಲ್ಡಿಂಗಿನ ರೂಫ್ ಅಲುಗಾಟದಿಂದ ತೆಗೆದ, ಯಾವ ಫ್ರೀಕ್ವೆನ್ಸಿಗೆ ಎಷ್ಟು ಆಕ್ಸಿಲರೇಷನ್ ಅನ್ನೋ ಕರ್ವ್) ಹಾಕಿಬಿಟ್ಟಿದೀರಿ. ಆದ್ರೆ ಬಿಲ್ಡಿಂಗ್ ಎರಡನೇ ಮೋಡ್ (ಅದು ಸಹಜವಾಗಿ ಅಲುಗೋ ಒಂದು ರೀತಿ) 4 ಹರ್ಟ್ಸ್, ಸ್ಕಿಡ್ಡೂ 4 ಹರ್ಟ್ಸ್ ಅಂತ ನೀವೇ ಬರೆದಿದೀರಲ್ಲ! ಆ 1% ಅಮೆರಿಕದ ಎನ್‌ಆರ್‌ಸಿಯವರು (ಅಣುಶಕ್ತಿ ನಿಯಂತ್ರಣ ಸಂಸ್ಥೆ) ಅಣುಸ್ಥಾವರಕ್ಕೆ ಇಟ್ಕೊಂಡಿರೋ ಗಡಿ, 1ರಿಂದ 10% ಇದ್ರೆ ಬೇರೆ ಮಾಡೆಲ್ ಮಾಡೋಕೆ ಸ್ಕಿಡ್ಡಿಗೂ ಬಿಲ್ಡಿಂಗಿಗೂ ಫ್ರೀಕ್ವೆನ್ಸಿ ರೇಷಿಯೋ 0.8ಕ್ಕಿಂತ ಕೆಳಗೋ 1.25ಕ್ಕಿಂತ ಮೇಲೋ ಇರ್ಲೇಬೇಕು. ಅವರು ಒಟ್ಟು ಮಾಸ್ ತಗೋತಾರೆ, ನಾನಂತೂ ರೂಫಿನ ಅಲುಗಾಟ 1 ಬರೋ ಹಾಗೆ ನಾರ್ಮಲೈಸ್ ಮಾಡಿದ ಮೋಡಲ್ ಮಾಸ್ (ಆ ಮೋಡಲ್ಲಿ ಲೆಕ್ಕಕ್ಕೆ ಬರೋ ಮಾಸ್) ನೋಡ್ತೀನಿ. ನಿಮ್ಮದರಂಥ ಶಿಯರ್ ಬಿಲ್ಡಿಂಗಿಗೆ (ಮಹಡಿಗಳು ಅಡ್ಡಡ್ಡ ಸರಿಯೋ ಥರದ್ದು) ಅದು ಒಟ್ಟು ಮಾಸಿನ ಸುಮಾರು ಅರ್ಧ, ಮಾಸ್ ರೇಷಿಯೋ 1.2% ಆಯ್ತು, ಗಡಿ ದಾಟಿತು, ಫ್ರೀಕ್ವೆನ್ಸಿ ರೇಷಿಯೋನೂ 1, ಬೇರೆ ಮಾಡೋ ಹಾಗಿಲ್ಲ.

ಸ್ಕಿಡ್ಡನ್ನ ಬಿಲ್ಡಿಂಗ್ ಮಾಡೆಲ್‌ನಲ್ಲೇ ಒಂದು ಸ್ಪ್ರಿಂಗ್ ಒಂದು ಮಾಸ್ ಅಂತ ಕೂರಿಸಿ ನೋಡಿ, 4 ಇರೋ ಕಡೆ 3.8, 4.2 ಅಂತ ಎರಡು ಮೋಡ್ ಬರುತ್ತೆ. ಇವನ್ನ ಕೂಡಿಸೋಕೆ ಎಸ್‌ಆರ್‌ಎಸ್‌ಎಸ್ (ಸೈನ್ ನೋಡದೆ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯೋದು) ಹಾಕ್ಲೇಬೇಡಿ, ಎರಡೂ ಮೋಡಲ್ಲಿ ಸ್ಕಿಡ್ಡಿನ ಸೈನ್ ಒಂದಕ್ಕೊಂದು ಉಲ್ಟಾ, ಸುಮ್ಮನೆ ನಂಬರ್ ಉಬ್ಬುತ್ತೆ, ಸಿಕ್ಯೂಸಿ (ಹತ್ತಿರದ ಮೋಡ್‌ಗಳ ಸೈನನ್ನೂ ಲೆಕ್ಕಕ್ಕೆ ತಗೊಳ್ಳೋ ವಿಧಾನ) ಹಾಕಿ.

ಡ್ಯಾಂಪಿಂಗೇ (ಅಲುಗಾಟವನ್ನ ತಗ್ಗಿಸೋ ಗುಣ) ದೊಡ್ಡ ಗುಂಡಿ. ನಮ್ಮ ಟೀಮಲ್ಲಿ ಒಂದ್ಸಲ ಹೀಗೇ ಕೂಡಿಸಿ ರನ್ ಮಾಡಿ ಎಲ್ಲಾ ಮೋಡಿಗೂ 5% ಕೊಟ್ಟಿದ್ವಿ, ಫೋರ್ಸ್ ಇಳೀತು ಅಂತ ಖುಷಿಯಲ್ಲಿ ಬೋಲ್ಟ್ ಸೈಜ್ ಕೂಡ ಇಳಿಸಿ ಡ್ರಾಯಿಂಗ್ ಕಳಿಸಾಯ್ತು, ಚೆಕ್ಕರ್ ಕೇಳಿದ್ದು ಒಂದೇ ಮಾತು, ಸ್ಟೀಲ್ ಸ್ಕಿಡ್ಡಿಗೆ 5% ಯಾರ್ರೀ ಕೊಟ್ರು? ಕಾಂಕ್ರೀಟ್ 5, ಸ್ಕಿಡ್ 2 ಇದ್ದು ಹೀಗೆ ಟ್ಯೂನ್ ಆದ್ರೆ (ಎರಡರ ಫ್ರೀಕ್ವೆನ್ಸಿ ಒಂದೇ ಆದ್ರೆ) ಎರಡೂ ಮೋಡಿಗೆ ಸುಮಾರು 3.5% ಬರುತ್ತೆ ಅಷ್ಟೇ. ಸರಿಯಾಗಿ ಬೇಕಂದ್ರೆ ಸ್ಕಿಡ್ ಜಾಗದಲ್ಲಿ ಡ್ಯಾಶ್‌ಪಾಟ್ ಲಿಂಕ್ (ಡ್ಯಾಂಪಿಂಗ್ ಕೊಡೋ ಕೊಂಡಿ) ಹಾಕಿ ಡೈರೆಕ್ಟ್ ಇಂಟಿಗ್ರೇಷನ್ (ಕಾಲದ ಹೆಜ್ಜೆ ಹೆಜ್ಜೆಗೂ ಲೆಕ್ಕ) ಮಾಡಿ, ಸ್ಯಾಪ್ ಸಾಫ್ಟ್‌ವೇರಲ್ಲಿ ನಂಗೆ ಸುಲಭ ಅನ್ಸುತ್ತೆ, ಇನ್ನೊಂದು ಸಾಫ್ಟ್‌ವೇರ್ ಸ್ಟಾಡ್‌ನ ಅಭಿಮಾನಿಗಳು ಬೈಕೊಳ್ಳಿ ಪರ್ವಾಗಿಲ್ಲ.

ಟೈಮ್ ಸ್ಟೆಪ್ 0.02 ಸೆಕೆಂಡ್ ಇಟ್ಟಿದೀರಲ್ಲ, ಅದೂ ತಪ್ಪು. 4 ಹರ್ಟ್ಸಿಗೆ ನಡೆಯುತ್ತೆ, ಆದ್ರೆ ಅದೇ ರನ್ನಲ್ಲಿ 20 ಹರ್ಟ್ಸಿನ ಕಂಟ್ರೋಲ್ ಪ್ಯಾನೆಲ್ ಕೂಡ ನೋಡ್ತೀನಿ ಅಂದ್ರೆ ನ್ಯೂಮಾರ್ಕ್ ಆವರೇಜ್ ಆಕ್ಸಿಲರೇಷನ್ನಲ್ಲಿ (ಹೆಜ್ಜೆ ಹೆಜ್ಜೆ ಲೆಕ್ಕದ ಒಂದು ವಿಧಾನ) ಅದು 14 ಹರ್ಟ್ಸ್ ಥರ ಕುಣಿಯುತ್ತೆ. ಪೀರಿಯಡ್ಡಿನ ಹತ್ತನೇ ಒಂದು ಭಾಗ, ಅದಕ್ಕಿಂತ ದೊಡ್ಡದು ಬೇಡ. ಮತ್ತೆ ಸ್ಪೆಕ್ಟ್ರಮ್ ಪೀಕ್ ±15% ಅಗಲ ಮಾಡ್ತಾರಲ್ಲ, ಅದು ಬಿಲ್ಡಿಂಗ್ ಫ್ರೀಕ್ವೆನ್ಸಿ ಆಚೀಚೆ ಆಗೋದಕ್ಕೆ, ಸ್ಕಿಡ್ ಬಿಲ್ಡಿಂಗನ್ನ ಎಳೆಯೋದಕ್ಕೆ ಅದು ಪರಿಹಾರ ಅಲ್ಲ.

ವೆಂಡರ್ ಕೊಡೋ ಫ್ರೀಕ್ವೆನ್ಸಿ ನಂಬ್ಬೇಡಿ, ಅದು ಹೆಚ್ಚಾಗಿ ಕೆಳಗೆ ಬಂಡೆ ಇದೆ ಅಂತ ತೆಗೆದಿರೋದು. ತೂಕವೂ ನೀರು ತುಂಬಿದ್ದು ಬೇಕು, ಕ್ಯಾಟಲಾಗಿನ ಡ್ರೈ ವೇಟ್ ಅಲ್ಲ.

ಇಲ್ಲಿ ಇಷ್ಟೆಲ್ಲಾ ಯಾಕೆ ಅನ್ನೋರು 1994ರ ಅಮೆರಿಕದ ನಾರ್ತ್‌ರಿಜ್ ಭೂಕಂಪ ಓದಿ. ಆಲಿವ್ ವ್ಯೂ ಆಸ್ಪತ್ರೇಲಿ ನೆಲದಲ್ಲಿ 0.9 ಜಿ, ರೂಫಲ್ಲಿ 2.3 ಜಿ, ಬಿಲ್ಡಿಂಗ್ ಗಟ್ಟಿಯಾಗೇ ನಿಂತಿತ್ತು, ಪೈಪ್ ಒಡೆದು ನೀರು ಸೋರಿ ಪೇಷಂಟ್‌ಗಳನ್ನ ಹೊರಗೆ ಸಾಗಿಸ್ಬೇಕಾಯ್ತು.

ಸ್ಪ್ರಿಂಗ್ ಐಸೊಲೇಟರ್ ಇದ್ರೆ ಸ್ನಬ್ಬರ್ (ಮಷಿನ್ ಹೆಚ್ಚು ಸರಿಯದ ಹಾಗೆ ತಡೆಯೋ ಸ್ಟಾಪರ್) ಗ್ಯಾಪ್ ಅಳೆದು ಹಾಕಿ, 6 ಮಿಮೀ ಮೇಲಾದ್ರೆ ಎಎಸ್‌ಸಿಇ 7ರಲ್ಲಿ (ಅಮೆರಿಕದ ಬಿಲ್ಡಿಂಗ್ ಲೋಡ್ ಕೋಡ್) ಫೋರ್ಸ್ ಡಬಲ್.