ನೆಗಡಿಯ ಕೊರೋನಾ ವೈರಸ್‌ಗಳು ತಮ್ಮತಮ್ಮಲ್ಲೇ ಬೆರೆಯುತ್ತವೆಯೇ?

ಮಳೆ ಹಿಡಿದೊಡನೆ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಮಂದಿಗೆಲ್ಲ ಹಬ್ಬುವ ನೆಗಡಿಗೆ ಒಂದೇ ವೈರಸ್ ಕಾರಣವೇ, ಒಮ್ಮೆ ಬಂದದ್ದು ಮತ್ತೆ ಏಕೆ ಬರುತ್ತದೆ ಎಂದು ಕೇಳಿದ್ದೀರಿ. ರೈನೋವೈರಸ್ ಮೊದಲಾದ ಹಲವು ಕಾರಣಗಳ ನಡುವೆ 229ಇ, ಎನ್‌ಎಲ್63, ಒಸಿ43, ಎಚ್‌ಕೆಯು1 ಎಂಬ ನಾಲ್ಕು ಕೊರೋನಾ ವೈರಸ್‌ಗಳೂ ಇವೆ. ಇವುಗಳ ಆನುವಂಶಿಕ ಮಾಹಿತಿಯನ್ನು ಹೊತ್ತ ಎಳೆಯಾದ ಆರ್‌ಎನ್‌ಎ ಸುಮಾರು 30,000 ಅಕ್ಷರಗಳಷ್ಟು ಉದ್ದ. ನಕಲಿನ ತಪ್ಪುಗಳನ್ನು ತಿದ್ದುವ ಕಿಣ್ವವೊಂದು ಇರುವುದರಿಂದ ಬಿಡಿ ರೂಪಾಂತರಗಳು (ಒಂದೊಂದು ಅಕ್ಷರದ ಬದಲಾವಣೆಗಳು) ಇತರ ಅನೇಕ ಆರ್‌ಎನ್‌ಎ ವೈರಸ್‌ಗಳಿಗಿಂತ ನಿಧಾನವಾಗಿ ಕೂಡಿಬರುತ್ತವೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಮರುಸಂಯೋಜನೆ. ಒಂದೇ ಜೀವಕೋಶಕ್ಕೆ ಹತ್ತಿರದ ಸಂಬಂಧದ ಎರಡು ತಳಿಗಳು ಹೊಕ್ಕಾಗ, ನಕಲು ಮಾಡುವ ಕಿಣ್ವವು ಒಂದು ಎಳೆಯನ್ನು ನಡುವೆಯೇ ಬಿಟ್ಟು ಇನ್ನೊಂದಕ್ಕೆ ಜಿಗಿದು ಕೆಲಸ ಮುಂದುವರಿಸಬಲ್ಲದು. ಹಾಗೆ ಹುಟ್ಟಿದ ಆರ್‌ಎನ್‌ಎಯಲ್ಲಿ ಎರಡೂ ತಳಿಗಳ ಭಾಗಗಳು ಉಳಿಯುತ್ತವೆ. ಎಚ್‌ಕೆಯು1 ವೈರಸ್ 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವರದಿಯಾಯಿತು; ಅದರ ಸಿ ಜೀನೋಟೈಪ್ (ಆನುವಂಶಿಕ ಉಪಗುಂಪು), ಎ ಮತ್ತು ಬಿ ಜೀನೋಟೈಪ್‌ಗಳ ಇಂಥ ಬೆರಕೆ. ಒಸಿ43ರ ಡಿ ಜೀನೋಟೈಪ್, ಬಿ ಮತ್ತು ಸಿಗಳದ್ದು.

ಆದರೆ ನೆಗಡಿ ಮರಳಿ ಬರುವುದಕ್ಕೆ ಬೆರಕೆಯೊಂದೇ ಕಾರಣವಲ್ಲ. ಈ ವೈರಸ್‌ಗಳ ವಿರುದ್ಧದ ರಕ್ಷಣೆ ಕೆಲವೊಮ್ಮೆ ವರ್ಷದೊಳಗೇ ಕುಗ್ಗುತ್ತದೆ; ಜೊತೆಗೆ 229ಇಯ ಮೇಲ್ಮೈಯಲ್ಲಿ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನ್ ಕಾಲಕ್ರಮೇಣ ಬದಲಾಗುವುದರಿಂದ, ಹಳೆಯ ತಳಿಗೆ ರೂಪುಗೊಂಡ ಪ್ರತಿಕಾಯಗಳು ಹೊಸದನ್ನು ಅಷ್ಟಾಗಿ ತಡೆಯಲಾರವು.