‘ದಿ ಟಾಯ್ಸ್ ದಟ್ ಮೇಡ್ ಅಸ್’ ಸರಣಿಯಲ್ಲಿ ನಿಮಗೆ ಇಷ್ಟವಾದದ್ದೇನು, ಇಷ್ಟವಾಗದ್ದೇನು?

ನೆಟ್‌ಫ್ಲಿಕ್ಸ್‌ನಲ್ಲಿ 2017ರ ಡಿಸೆಂಬರ್‌ನಲ್ಲಿ ಶುರುವಾದ ಈ ಸಾಕ್ಷ್ಯಚಿತ್ರ ಸರಣಿಯಲ್ಲಿ ಕಂತಿಗೊಂದು ಹಳೆಯ ಆಟಿಕೆಯ ಕಥೆ ಇದೆ: ಬಾರ್ಬಿ, ಹೀ-ಮ್ಯಾನ್, ಲೆಗೊ, ಟ್ರಾನ್ಸ್‌ಫಾರ್ಮರ್ಸ್, ಹೀಗೆ. ನನಗೆ ಇದು ಬಹಳ ಪ್ರಿಯವಾದ ಸರಣಿ. ಆದರೆ ತಕರಾರುಗಳೂ ಇವೆ.

ಆಟಿಕೆಗಳನ್ನು ರೂಪಿಸಿದವರೇ ಕ್ಯಾಮೆರಾದ ಮುಂದೆ ಕುಳಿತು ಮಾತನಾಡುತ್ತಾರೆ, ಅದೇ ಇದರ ದೊಡ್ಡ ಬಲ. ಕಟ್ಟುಮಸ್ತಾದ ವೀರನ ಗೊಂಬೆ ಹೀ-ಮ್ಯಾನ್‌ನ ಕಂತನ್ನೇ ನೋಡಿ. ಮ್ಯಾಟೆಲ್ ಕಂಪನಿಯ ಹಳೆಯ ‘ಬಿಗ್ ಜಿಮ್’ ಗೊಂಬೆಗೆ ಜೇಡಿಮಣ್ಣು ಮೆತ್ತಿ ತೋಳು, ಎದೆ ಉಬ್ಬಿಸಿ ಹೀ-ಮ್ಯಾನ್‌ನನ್ನು ಹುಟ್ಟಿಸಿದ್ದು ತಾನೇ ಎನ್ನುತ್ತಾರೆ ಅಲ್ಲಿನ ವಿನ್ಯಾಸಕ ರೋಜರ್ ಸ್ವೀಟ್. ಅದಕ್ಕೂ ಮೊದಲೇ ತನ್ನ ಚಿತ್ರಗಳಲ್ಲಿ ಅವನಿದ್ದ ಎನ್ನುತ್ತಾರೆ ಅದೇ ಕಂಪನಿಯ ಇನ್ನೊಬ್ಬ ವಿನ್ಯಾಸಕ ಮಾರ್ಕ್ ಟೇಲರ್. ಇಬ್ಬರೂ ವೃದ್ಧರು, ಇಬ್ಬರೂ ಒಂದಿಂಚೂ ಬಿಟ್ಟುಕೊಡುವುದಿಲ್ಲ. ಟೇಲರ್ 2021ರಲ್ಲಿ ತೀರಿಕೊಂಡರು. ಅವರ ವಾದ ಅವರದೇ ದನಿಯಲ್ಲಿ ಉಳಿದಿರುವುದು ಈ ಸರಣಿಯ ಪುಣ್ಯ ಎಂದೇ ಭಾವಿಸುತ್ತೇನೆ.

ಸ್ಟಾರ್ ವಾರ್ಸ್ ಸಿನಿಮಾದ ಪಾತ್ರಗಳ ಗೊಂಬೆಗಳ ಕಂತೂ ಅಷ್ಟೇ ಚೆನ್ನಾಗಿದೆ. 1977ರ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳು ಸಿದ್ಧವಾಗದೆ, ಕೆನ್ನರ್ ಕಂಪನಿ ಅಂಗಡಿಗಳಲ್ಲಿ ಬರೀ ರಟ್ಟಿನ ಲಕೋಟೆಯನ್ನು ಮಾರಿತು. ಒಳಗಿದ್ದ ಚೀಟಿಯನ್ನು ಕಳುಹಿಸಿದರೆ ಮರುವರ್ಷ ನಾಲ್ಕು ಗೊಂಬೆಗಳು ಅಂಚೆಯಲ್ಲಿ ಬರುತ್ತಿದ್ದವು! ಮಕ್ಕಳು ಅದಕ್ಕೂ ಕಾದರು.

ಇಷ್ಟವಾಗದ್ದರಲ್ಲಿ ಮೊದಲನೆಯದು ನಿರೂಪಣೆ. ಯಾರಾದರೂ ಮನಸ್ಸು ಬಿಚ್ಚಿ ಮಾತನಾಡುತ್ತಿರುವಾಗಲೇ ನಿರೂಪಕರ ಚಟಾಕಿ ನಡುವೆ ತೂರಿಕೊಳ್ಳುತ್ತದೆ. ‘ಇನ್ನೇನು ಕಂಪನಿ ಮುಳುಗಿತು’ ಎಂಬ ಕೃತಕ ಕುತೂಹಲವೂ ಕಂತಿನಿಂದ ಕಂತಿಗೆ ಮರಳಿ ಬಂದು ದಣಿಸುತ್ತದೆ.

ಅದಕ್ಕಿಂತ ಹೆಚ್ಚು ನೋಯಿಸುವುದು ಇನ್ನೊಂದು. ಇಲ್ಲಿ ಪರವಾನಗಿ, ಲಾಭ, ಮೊಕದ್ದಮೆ ಎಲ್ಲವೂ ಇವೆ. ಡಬ್ಬಿಯನ್ನೇ ಒಡೆಯದೆ ಕಪಾಟಿನಲ್ಲಿಟ್ಟ ಸಂಗ್ರಾಹಕರೂ ಇದ್ದಾರೆ. ಆ ಗೊಂಬೆಗಳ ಕೈಕಾಲು ಮುರಿಯುವವರೆಗೆ ಆಡಿದ ಮಕ್ಕಳ ನೆನಪಿಗೆ ಮಾತ್ರ ಜಾಗ ತೀರಾ ಕಡಿಮೆ. ಜಪಾನ್, ಡೆನ್ಮಾರ್ಕ್‌ಗಳು ಬರುತ್ತವೆ, ಆದರೆ ಅವು ತಯಾರಿಸಿದ ನಾಡುಗಳು. ಕೊಂಡ ನಾಡೆಂದರೆ ಹೆಚ್ಚುಕಡಿಮೆ ಅಮೆರಿಕ ಒಂದೇ. ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿ, ಫನ್‌ಸ್ಕೂಲ್ ಕಂಪನಿ ಭಾರತದಲ್ಲೇ ತಯಾರಿಸಿದ ಜಿ.ಐ. ಜೋ ಸೈನಿಕ ಗೊಂಬೆಗಾಗಿ ಹಟ ಹಿಡಿದ ನಮ್ಮ ತಲೆಮಾರು ಈ ಕಥೆಯ ಭಾಗವೇ ಅಲ್ಲವೇ?

ನೀವು ಇನ್ನೂ ನೋಡಿಲ್ಲವಾದರೆ ಹೀ-ಮ್ಯಾನ್ ಕಂತಿನಿಂದಲೇ ಶುರುಮಾಡಿ. ಮೂರನೆಯ ಭಾಗದಲ್ಲಿರುವ ಕುಸ್ತಿ ಗೊಂಬೆಗಳ ಕಂತನ್ನು, ಆ ಆಟದ ಅಭಿಮಾನಿಯಲ್ಲದಿದ್ದರೆ, ಬಿಟ್ಟರೂ ನಷ್ಟವಿಲ್ಲ.