ಗಲ್ಲಾ ಪಕ್ಕ ಬೆಳೆದವರಿಗೆ ಇದು ಹೊಸ ವಿದ್ಯೆ ಅಲ್ಲ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಬಿ.ಕಾಂ. ಮುಗಿಸಿದ್ದೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಬೆಂಗಳೂರಿನ ಕಂಪನಿಯೊಂದರಲ್ಲಿ ಬ್ಯುಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್ ಕೆಲಸ ಸಿಕ್ಕಿದೆ. ಅಪ್ಪನದು ಕಿರಾಣಿ ಅಂಗಡಿ. ‘ಬ್ಯಾಗ್ ಹಾಕ್ಕೊಂಡು ಬೀದಿ ಬೀದಿ ತಿರುಗೋಕೆ ನಿನ್ನ ಓದಿಸಿದ್ನಾ?’ ಅಂತ ಕೇಳುತ್ತಾರೆ. ನನಗೆ ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ. ಈ ಕೆಲಸಕ್ಕೆ ಬೇಕಾದ ಕೌಶಲ ಯಾವುದೂ ನನ್ನಲ್ಲಿಲ್ಲ ಅನಿಸುತ್ತದೆ. ಎಂಬಿಎ ಮಾಡಿಯೇ ಹೋಗಲೇ?”

ನೋಡಿ ತಾಯಿ, ಎಂಬಿಎ ಮತ್ತು ಇಂಗ್ಲಿಷ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎರಡೂ ಒಳ್ಳೆಯವೇ. ಪ್ರಪೋಸಲ್ ಬರೆಯಲು, ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಲು, ಹೊರದೇಶದ ಗಿರಾಕಿ ಹತ್ತಿರ ಮಾತಾಡಲು ಇಂಗ್ಲಿಷ್ ಬೇಕೇ ಬೇಕು. ಎಕ್ಸೆಲ್ ಕೂಡ ಕಲಿಯಿರಿ. ಇವೆಲ್ಲ ಹಟ ಹಿಡಿದು ಕೂತರೆ ಬರುವ ವಿದ್ಯೆಗಳು. ನನ್ನ ಮನಸ್ಸಿನಲ್ಲಿರುವುದು ಬೇರೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಬ್ಯಾಂಕ್ ಶುರುಮಾಡಿದರು. ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ಕೈಮಗ್ಗ ನೆಲಕಚ್ಚಿ ಕಂಗಾಲಾಗಿದ್ದ ಊರ ನೇಕಾರರಿಗೆ ನೆರವಾಗುವುದು ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಎರಡಾಣೆ ಹಿಡಿದು ಯಾರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ? ರಾತ್ರಿಯೊಳಗೆ ಅದು ಖರ್ಚಾಗಿರುತ್ತದೆ. ಅದಕ್ಕೇ ಬ್ಯಾಂಕಿನವರೇ ಅವರ ಬಾಗಿಲಿಗೆ ಹೋದರು. ನಮ್ಮ ಹತ್ತಿರ ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅಂತ ಯೋಚಿಸಿ ಅವರಿಗೆ ದಾರಿ ಮಾಡುವುದು. ನಿಮ್ಮ ಆಫರ್ ಲೆಟರಿನಲ್ಲಿರುವ ಆ ಉದ್ದದ ಹೆಸರಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಗೊತ್ತಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಗೆ ಪಿಗ್ಮಿಯವರು ಸಂಜೆ ಐದೂವರೆಗೆ ಬರುತ್ತಿದ್ದರು. ಹೆಗಲಿಗೆ ರೆಕ್ಸಿನ್ ಚೀಲ, ಜೇಬಲ್ಲಿ ಎರಡು ಪೆನ್ನು. ಹೂವಿನಮ್ಮ ಗಿರಾಕಿಗೆ ಮೊಳ ಹಾಕುತ್ತಿದ್ದರೆ ದುಡ್ಡು ಕೇಳುತ್ತಿರಲಿಲ್ಲ. ಪಕ್ಕದ ಕಟ್ಟೆ ಮೇಲೆ ಸುಮ್ನೆ ಕೂರುತ್ತಿದ್ದರು. ಮಳೆಗಾಲದಲ್ಲಿ ಸೈಕಲ್ ಶಾಪಿಗೆ ಕೆಲಸ ಕಮ್ಮಿ. ಆಗ ಅವರೇ, “ಈ ವಾರ ಒಂದೊಂದೇ ರೂಪಾಯಿ ಕೊಡಿ, ನಿಲ್ಲಿಸಬೇಡಿ ಅಷ್ಟೆ” ಅನ್ನುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಆ ಸೈಕಲ್ ಶಾಪಿನವರಿಗೆ ಸಾಲ ಬೇಕಾಯಿತು. ಬೀದಿಯಲ್ಲಿ ಬೇರೆ ಬ್ಯಾಂಕೂ ಇತ್ತು. ಅವರು ಹೋಗಿದ್ದು ಪಿಗ್ಮಿಯವರ ಬ್ಯಾಂಕಿಗೆ.

ಯಾರಿಗೆ ಯಾವಾಗ ಫೋನ್ ಮಾಡಬೇಕು, ಹೋದ ಸಲ ಏನು ಹೇಳಿದ್ದರು, ಅವರ ವ್ಯಾಪಾರ ಯಾವ ತಿಂಗಳು ಇಳಿಯುತ್ತದೆ, ಇದನ್ನೆಲ್ಲ ಈಗ ಸಿಆರ್‌ಎಂ ಅನ್ನುವ, ಗಿರಾಕಿಗಳ ವಿವರ ಇಡುವ ಸಾಫ್ಟ್‌ವೇರಿನಲ್ಲಿ ತುಂಬಿಸುತ್ತಾರೆ. ಪಿಗ್ಮಿಯವರು ತಲೆಯಲ್ಲಿ ಇಟ್ಟುಕೊಂಡಿದ್ದರು.

ಮಾರಾಟಕ್ಕೂ ಬ್ಯುಸಿನೆಸ್ ಡೆವಲಪ್‌ಮೆಂಟಿಗೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ಮೈಸೂರಿನ ಗಂಧದ ಕಥೆ ಹೇಳಿ. ಒಂದನೇ ಮಹಾಯುದ್ಧ ಬಂದು ಯುರೋಪಿಗೆ ಗಂಧದ ಮರ ಹೋಗುವುದು ನಿಂತಿತು. ಮರ ರಾಶಿ ಬಿತ್ತು. ಮೈಸೂರು ಸಂಸ್ಥಾನದವರು ಬೆಲೆ ಇಳಿಸಿ ಮಾರೋಣ ಅಂತ ಕೂರಲಿಲ್ಲ. ಇಲ್ಲೇ ಎಣ್ಣೆ ತೆಗೆದರು, ಆ ಎಣ್ಣೆಯಿಂದ ಸಾಬೂನು ಮಾಡಿದರು. ಇದ್ದ ಗಿರಾಕಿ ಹೋದಾಗ ಹೊಸ ಗಿರಾಕಿಯನ್ನೇ ಹುಟ್ಟಿಸಿದರು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಪತ್ರಿಕೆಯ ಶುರುವಿನ ದಿನಗಳಲ್ಲಿ ಜಾಹೀರಾತು ಕೇಳಲು ಒಂದು ಸ್ಟೀಲ್ ಪಾತ್ರೆ ಅಂಗಡಿಗೆ ಹೋಗಿದ್ದೆ. ಕೂತ ತಕ್ಷಣ ನಮ್ಮ ಪ್ರಸಾರ, ನಮ್ಮ ಓದುಗರು ಅಂತ ಹತ್ತು ನಿಮಿಷ ಹೇಳಿದೆ. ಮಾಲೀಕರು “ಆಮೇಲೆ ನೋಡೋಣ” ಅಂದರು. ಮರುವಾರ ನಮ್ಮ ಹಿರಿಯ ಪ್ರತಿನಿಧಿ ಕರೆದುಕೊಂಡು ಹೋದರು. ಅವರು ಜಾಹೀರಾತಿನ ಮಾತೇ ಎತ್ತಲಿಲ್ಲ. ಅಟ್ಟದ ಕಡೆ ನೋಡಿ, “ಇಡ್ಲಿ ಪಾತ್ರೆ ಜಾಸ್ತಿ ಕೂತಂಗಿದೆ, ಅಲ್ವಾ?” ಅಂದರು. ಮಾಲೀಕರು ಅರ್ಧ ಗಂಟೆ ತಮ್ಮ ಕಷ್ಟ ಹೇಳಿಕೊಂಡರು. ಕೊನೆಗೆ ಅವರೇ, “ಗೌರಿ ಹಬ್ಬದ ಸಂಚಿಕೆಗೆ ಅರ್ಧ ಪುಟಕ್ಕೆ ಎಷ್ಟು?” ಅಂತ ಕೇಳಿದರು. ಆವತ್ತಿನಿಂದ ನಾನು ಯಾರ ಹತ್ತಿರ ಹೋದರೂ ಮೊದಲು ಅವರ ಅಟ್ಟ ನೋಡುತ್ತೇನೆ.

ಈಗ ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ಯಾವ ಕೌಶಲವೂ ಇಲ್ಲ ಅಂತ ಬರೆದಿದ್ದೀರಲ್ಲ, ಅದು ತಪ್ಪು. ಗಲ್ಲಾ ಪಕ್ಕ ಕೂತು ಬೆಳೆದವರು ನೀವು. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ನಗುತ್ತಲೇ ಇಲ್ಲ ಅನ್ನಬೇಕು, ಬಾಕಿ ಕೇಳಿದರೂ ಗಿರಾಕಿ ಮುರಿಯದ ಹಾಗೆ ಹೇಗೆ ಕೇಳಬೇಕು, ಇದನ್ನು ನಿಮ್ಮ ಅಪ್ಪ ದಿನಾ ನಿಮ್ಮ ಕಣ್ಣೆದುರೇ ಮಾಡಿದ್ದಾರೆ. ಆರ್ಡರ್ ತರುವುದು ಅರ್ಧ ಕೆಲಸ, ದುಡ್ಡು ತರುವುದು ಇನ್ನರ್ಧ. ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಆದರೂ ತಿಂಗಳುಗಟ್ಟಲೆ ಅಲೆಸುವವರಿದ್ದಾರೆ. ಟಾರ್ಗೆಟ್ ಮುಟ್ಟುವ ಆತುರದಲ್ಲಿ ಕಂಡಕಂಡವರಿಗೆ ಕ್ರೆಡಿಟ್ ಕೊಟ್ಟು ಕಂಪನಿ ಮುಳುಗಿಸಿದ ಬುದ್ಧಿವಂತರನ್ನು ನೋಡಿದ್ದೇನೆ. ಕಿರಾಣಿ ಅಂಗಡಿಯ ಮಗಳು ಹಾಗೆ ಮಾಡಲಾರಳು.

ನನಗೆ ಸಂಕಟ ಆಗುವುದು ಇದಕ್ಕೇ. ನಮ್ಮ ಕಾಲೇಜುಗಳಲ್ಲಿ ಮಕ್ಕಳಿಗೆ ಸ್ಲೈಡ್ ಮಾಡಲು ಕಲಿಸುತ್ತಾರೆ. ಒಂದು ದಿನ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗಿ ಹರಾಜು ತೋರಿಸುವುದಿಲ್ಲ. ಗದಗಿನ ಅಂಗಡಿಯವರಿಗೆ, ಶಿರಸಿಯ ಅಡಿಕೆ ಬೆಳೆಗಾರರಿಗೆ ಕಂಪನಿಗಳು ಹಿಂದಿಯಲ್ಲಿ ಫೋನ್ ಮಾಡುತ್ತವೆ. ಅವರು ಎರಡನೇ ವಾಕ್ಯಕ್ಕೆ ಕಟ್ ಮಾಡುತ್ತಾರೆ. ಆಮೇಲೆ ‘ಈ ಊರುಗಳಲ್ಲಿ ಮಾರ್ಕೆಟ್ ಇಲ್ಲ’ ಅಂತ ವರದಿ ಹೋಗುತ್ತದೆ. ಮಾರ್ಕೆಟ್ ಇದೆ ಸ್ವಾಮಿ, ಅದು ಕನ್ನಡ ಮಾತಾಡುತ್ತದೆ! ನಿಮಗೆ ಕೊರತೆ ಅನಿಸಿದ್ದು ಇಲ್ಲಿ ನಿಮ್ಮ ಬಂಡವಾಳ. ನಮ್ಮ ಪತ್ರಿಕೆಗಳದ್ದೂ ತಪ್ಪಿದೆ. ಕಂಪನಿ ಕಟ್ಟಿದವರ ಸಂದರ್ಶನ ಎಷ್ಟು ಹಾಕಿದ್ದೇವೋ ಲೆಕ್ಕ ಇಲ್ಲ. ಆ ಕಂಪನಿಗೆ ಮೊದಲ ಆರ್ಡರ್ ತಂದವರನ್ನು ನಾವು ಯಾವತ್ತೂ ಮಾತಾಡಿಸಿಲ್ಲ. ಇನ್ನು ಮೇಲೆ ಮಾತಾಡಿಸುತ್ತೇವೆ.

ಹೋಗಿ ಸೇರಿಕೊಳ್ಳಿ. ಅದಕ್ಕೆ ಮೊದಲು ಖಾತ್ರಿ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು, ಟಾರ್ಗೆಟ್ ಯಾರು ಹೇಗೆ ಇಡುತ್ತಾರೆ, ಓಡಾಟದ ಖರ್ಚು ಯಾರದು, ಎಲ್ಲ ಬರಹದಲ್ಲಿ ಕೇಳಿ ಪಡೆಯಿರಿ. ಸೇರಿದ ಮೇಲೆ ಮೊದಲ ಡೆಮೊ ಅಪ್ಪನ ಅಂಗಡಿಯಲ್ಲೇ ಮಾಡಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿ ಕಮ್ಮಿ ಇರುವಾಗ. ಅವರು ತೆಗೆಯುವ ಒಂದೊಂದು ತಕರಾರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.